ಬಾಡಿಗೆಗೆ ಹೋದ ಹೆಸರು

ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೇಳಿಕೊಂಡು ಬರುವವರಿಗೆ ಬೇಕಾದದ್ದು ಐದು ವಸ್ತು: ಪಾಸ್‌ಬುಕ್, ಪಿನ್ ಸಮೇತ ಎಟಿಎಂ ಕಾರ್ಡು, ಸಹಿ ಹಾಕಿದ ಖಾಲಿ ಚೆಕ್ಕುಗಳು, ನೆಟ್ ಬ್ಯಾಂಕಿಂಗಿನ ಪಾಸ್‌ವರ್ಡು, ಖಾತೆಗೆ ಜೋಡಿಸಿದ ಸಿಮ್. ಐದರಲ್ಲಿ ಸಿಮ್ಮೇ ಮುಖ್ಯ, ಒಟಿಪಿ ಬರುವುದು ಅದಕ್ಕೆ. ಕೆಲವರು ಸಿಮ್ ಕೇಳುವುದೂ ಇಲ್ಲ, ಫೋನಿಗೆ ಒಂದು ಆ್ಯಪ್ ಹಾಕಿಸಿ ಸುಮ್ಮನಾಗುತ್ತಾರೆ. ಫೋನು ಕಾಸರಗೋಡಿನ ಉಪ್ಪಳದಲ್ಲೋ ಪೆರ್ಲದಲ್ಲೋ ಖಾತೆ ಕೊಟ್ಟ ಹುಡುಗನ ಕಿಸೆಯಲ್ಲೇ ಇರುತ್ತದೆ. ಅದಕ್ಕೆ ಬಂದ ಪ್ರತಿ ಎಸ್‌ಎಂಎಸ್ ಬೇರೊಂದು ದೇಶದಲ್ಲಿ ಕೂತವನ ಪರದೆಗೆ ಹೋಗುತ್ತಿರುತ್ತದೆ.

ಕೇಳುವವನು ಅಪರಿಚಿತನಾಗಿರುವುದು ಕಡಿಮೆ. ಕಾಲೇಜಿನಲ್ಲಿ ಜತೆಗಿದ್ದವನು, ರಜೆಯಲ್ಲಿ ಗಲ್ಫಿನಿಂದ ಬಂದ ಪರಿಚಯದವನು, ಕ್ಲಬ್ಬಿನ ಆಟಕ್ಕೆ ಬರುವವನು. ಅವನು ಹೇಳುವ ಕಾರಣಗಳೂ ನಂಬುವಂಥವೇ: ನನ್ನ ಖಾತೆಯ ಲಿಮಿಟ್ ಮುಗಿದಿದೆ, ಗೇಮಿಂಗ್ ಕಂಪೆನಿಯ ಹಣ, ಟ್ರೇಡಿಂಗಿನ ಲಾಭ, ಟ್ಯಾಕ್ಸಿನ ತೊಂದರೆ. ಕೈಗೆ ಸಿಗುವುದು ಕೆಲವು ಸಾವಿರ ರೂಪಾಯಿ, ಇಲ್ಲವೇ ಬಂದ ಮೊತ್ತದಲ್ಲಿ ಸಣ್ಣ ಕಮಿಷನ್. ಖಾತೆ ಪಡೆದವನೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಹೆಚ್ಚಿನ ಬೆಲೆಗೆ ಮೇಲಿನವನಿಗೆ ದಾಟಿಸುತ್ತಾನೆ, ಆ ಮೇಲಿನವನು ಟೆಲಿಗ್ರಾಂ ಗುಂಪಿನಲ್ಲಿ ಇನ್ನೊಬ್ಬನಿಗೆ. ಹುಡುಗನಿಗೆ ಗೊತ್ತಿರುವುದು ಗೆಳೆಯನೊಬ್ಬನ ಹೆಸರು ಮಾತ್ರ.

ಇನ್ನು ಹಣ ಓಡುವ ದಾರಿ. ಪುಣೆಯ ನಿವೃತ್ತ ಅಧ್ಯಾಪಕಿಯೊಬ್ಬರನ್ನು ವೀಡಿಯೊ ಕಾಲಿನಲ್ಲಿ ಪೊಲೀಸ್ ವೇಷದವನು ಹೆದರಿಸಿದ, ಅವರು ಆರ್‌ಟಿಜಿಎಸ್ ಮೂಲಕ 20 ಲಕ್ಷ ರೂಪಾಯಿ ಕಳಿಸಿದರು ಎಂದಿಟ್ಟುಕೊಳ್ಳಿ. ಆ ಹಣ ಮೊದಲು ಬೀಳುವುದು ಯಾವುದೋ ಸಂಸ್ಥೆಯ ಹೆಸರಿನ ಕರೆಂಟ್ ಅಕೌಂಟಿಗೆ. ಅಲ್ಲಿ ದೊಡ್ಡ ಮೊತ್ತ ಬಂದುಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ತನಿಖೆಯವರು ಇದನ್ನು ಮೊದಲ ಲೇಯರ್ ಎನ್ನುತ್ತಾರೆ. ನಿಮಿಷಗಳ ಒಳಗೆ ಅದು ಐಎಂಪಿಎಸ್ ಮೂಲಕ ಹತ್ತು ಹದಿನೈದು ಉಳಿತಾಯ ಖಾತೆಗಳಿಗೆ ಒಡೆದು ಹೋಗುತ್ತದೆ, ಅಲ್ಲಿಂದ ಮತ್ತಷ್ಟು ಖಾತೆಗಳಿಗೆ. ಮೂರನೆಯ ಅಥವಾ ನಾಲ್ಕನೆಯ ಲೇಯರಿನಲ್ಲಿ ಹಣ ಬ್ಯಾಂಕಿನಿಂದ ಹೊರಬರಬೇಕು. ಎಟಿಎಂನಲ್ಲಿ ದಿನದ ಮಿತಿ ಇರುವುದರಿಂದ ಕಾರ್ಡುಗಳು ರಾಶಿ ರಾಶಿ ಬೇಕು. ಮಿತಿಗಿಂತ ಹೆಚ್ಚಿನ ಮೊತ್ತವಾದರೆ ಖಾತೆದಾರನನ್ನೇ ಬ್ಯಾಂಕಿಗೆ ಕರೆತಂದು ಸೆಲ್ಫ್ ಚೆಕ್ ಬರೆಸುತ್ತಾರೆ. ಹೊರಗೆ ಕಾರಿನಲ್ಲಿ ಕೂತವನ ಮುಖ ಎಲ್ಲೂ ದಾಖಲಾಗುವುದಿಲ್ಲ. ಕೌಂಟರಿನ ಮುಂದೆ ನಿಂತವನ ಮುಖ ಸಿಸಿಟಿವಿಯಲ್ಲಿ ಉಳಿಯುತ್ತದೆ.

ಹೊರಬಂದ ನಗದು ಹವಾಲಾದವರ ಕೈ ಸೇರುತ್ತದೆ, ಇಲ್ಲವೇ ಯುಎಸ್‌ಡಿಟಿ ಎಂಬ ಕ್ರಿಪ್ಟೋ ಹಣವಾಗುತ್ತದೆ. ಒಂದು ಯುಎಸ್‌ಡಿಟಿಗೆ ಹೆಚ್ಚುಕಡಿಮೆ ಒಂದು ಡಾಲರಿನ ಬೆಲೆ. ಅದು ಒಂದು ವಾಲೆಟ್ಟಿನಿಂದ ಇನ್ನೊಂದಕ್ಕೆ ಹೋಗಲು ಯಾವ ಬ್ಯಾಂಕೂ ಬೇಡ. ಇಲ್ಲಿ ಇನ್ನೊಂದು ಬಗೆಯವರು ಸಿಕ್ಕಿಬೀಳುತ್ತಾರೆ: ಕ್ರಿಪ್ಟೋ ಎಕ್ಸ್‌ಚೇಂಜಿನ ಪಿ-ಟು-ಪಿ, ಅಂದರೆ ಒಬ್ಬರಿಂದ ಒಬ್ಬರಿಗೆ ನೇರ ಮಾರಾಟದ ವಿಭಾಗದಲ್ಲಿ ಯುಎಸ್‌ಡಿಟಿ ಮಾರಿ ನಾಲ್ಕು ಕಾಸು ಮಾಡುವ ಯುವಕರು. ಮಾರುಕಟ್ಟೆಗಿಂತ ಎರಡು ಮೂರು ರೂಪಾಯಿ ಹೆಚ್ಚು ಕೊಡುತ್ತೇನೆ ಎನ್ನುವ ಖರೀದಿದಾರ ಬಂದರೆ, ಅವನು ಕೊಡುವ ರೂಪಾಯಿ ಎಲ್ಲಿಯದು ಎಂದು ಯೋಚಿಸಬೇಕು. ಕದ್ದ ಹಣಕ್ಕೆ ದರದ ಚಿಂತೆಯಿಲ್ಲ. ಹಣ ಕಳಿಸಿದ ಖಾತೆಯ ಹೆಸರೂ ಎಕ್ಸ್‌ಚೇಂಜಿನಲ್ಲಿರುವ ಖರೀದಿದಾರನ ಹೆಸರೂ ಬೇರೆಬೇರೆಯಾಗಿದ್ದರೆ ಆ ವ್ಯವಹಾರ ಅಲ್ಲಿಗೇ ನಿಲ್ಲಬೇಕು.

ಇಷ್ಟೆಲ್ಲ ಯಂತ್ರ, ಆ್ಯಪ್, ಕ್ರಿಪ್ಟೋ ಕೈಯಲ್ಲಿದ್ದೂ ಈ ಜಾಲ ತನ್ನಷ್ಟಕ್ಕೆ ತಯಾರಿಸಿಕೊಳ್ಳಲಾಗದ ವಸ್ತು ಒಂದೇ: ಆಧಾರ್, ಪಾನ್ ಇರುವ, ಬ್ಯಾಂಕಿನ ಕೆವೈಸಿಯಲ್ಲಿ ಪಾಸಾಗುವ ಒಬ್ಬ ನಿಜವಾದ ಮನುಷ್ಯನ ಹೆಸರು. ಇಡೀ ಸರಪಳಿಯಲ್ಲಿ ಅತಿ ಅಗ್ಗವಾಗಿ ಸಿಗುವುದೂ ಅದೇ, ಕಾನೂನು ಮೊದಲು ಹುಡುಕಿಕೊಂಡು ಬರುವುದೂ ಅದನ್ನೇ. ಗಳಿಕೆ ಮೇಲಕ್ಕೆ ಹೋಗುತ್ತದೆ, ಕೇಸು ಹೆಸರಿದ್ದಲ್ಲಿ ಉಳಿಯುತ್ತದೆ. ಜಗತ್ತಿನ ಸಂಘಟಿತ ಅಪರಾಧದ ವಿಸ್ತಾರವನ್ನು ಕಾಸರಗೋಡಿನಿಂದ ನೋಡುವಾಗ ಎಲ್ಲಕ್ಕಿಂತ ಮೊದಲು ಕಾಣಬೇಕಾದದ್ದು ಇದು.

ವಿಸ್ತಾರದ ಅಂದಾಜಿಗೆ ಕೆಲವು ಅಂಕಿಗಳು ಸಾಕು. 2009ರಲ್ಲಿ ಜಗತ್ತಿನ ಅಪರಾಧಗಳ ಗಳಿಕೆ ಸುಮಾರು 2.1 ಲಕ್ಷ ಕೋಟಿ ಡಾಲರ್, ಅಂದರೆ ಜಾಗತಿಕ ಉತ್ಪನ್ನದ ಶೇ. 3.6ರಷ್ಟು ಎಂದು ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2011ರಲ್ಲಿ ಲೆಕ್ಕ ಹಾಕಿತ್ತು. ಅದರಲ್ಲಿ ಸರಕಾರಗಳು ಮುಟ್ಟುಗೋಲು ಹಾಕಿಕೊಂಡದ್ದು ಶೇ. 1ಕ್ಕೂ ಕಡಿಮೆ. 2023ರಲ್ಲಿ ಪೂರ್ವ ಮತ್ತು ಆಗ್ನೇಯ ಏಷ್ಯಾದವರು ಆನ್‌ಲೈನ್ ವಂಚನೆಯಲ್ಲಿ ಕಳೆದುಕೊಂಡದ್ದು 1,800 ಕೋಟಿಯಿಂದ 3,700 ಕೋಟಿ ಡಾಲರ್ ಎಂಬುದೂ ಅದೇ ಕಚೇರಿಯ ಅಂದಾಜು. ನಮ್ಮ ದೇಶದಲ್ಲಿ 2024ರಲ್ಲಿ ಸೈಬರ್ ವಂಚನೆಗೆ ಹೋದ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರಕಾರ ಸಂಸತ್ತಿನಲ್ಲಿ ಹೇಳಿದೆ. ಹಿಂದಿನ ವರ್ಷ ಅದು 7,465 ಕೋಟಿ ಇತ್ತು. ಒಂದೇ ವರ್ಷದಲ್ಲಿ ಮೂರು ಪಟ್ಟು. ಇಷ್ಟು ಹಣ ಹರಿಯಲು ಎಷ್ಟು ಸಾಮಾನ್ಯರ ಖಾತೆಗಳು ಬೇಕಾಗಿರಬಹುದು!

ಗಳಿಕೆ ಎಲ್ಲಿ ಸೇರುತ್ತದೆ ಎಂಬುದಕ್ಕೂ ಈಗ ದಾಖಲೆಗಳಿವೆ. 2025ರ ಅಕ್ಟೋಬರಿನಲ್ಲಿ ಅಮೆರಿಕವು ಆನ್‌ಲೈನ್ ವಂಚನೆಯ ಕೇಂದ್ರಗಳನ್ನು ನಡೆಸಿದ ಆರೋಪವಿರುವ ಕಾಂಬೋಡಿಯದ ಪ್ರಿನ್ಸ್ ಗ್ರೂಪಿನ ಮೇಲೆ ನಿರ್ಬಂಧ ಹೇರಿ, ಅದರ ಮುಖ್ಯಸ್ಥ ಚೆನ್ ಝಿ ವಿರುದ್ಧ ಆರೋಪಪಟ್ಟಿ ಪ್ರಕಟಿಸಿತು. ಆ ಪ್ರಕರಣದಲ್ಲಿ ಹಿಡಿದ ಬಿಟ್‌ಕಾಯಿನ್ 1,27,271. ಆಗಿನ ಬೆಲೆ ಸುಮಾರು 1,500 ಕೋಟಿ ಡಾಲರ್. ಅದೇ ದೇಶದ ಹುಯಿಯೋನ್ ಗ್ರೂಪ್ 2021ರ ಆಗಸ್ಟಿನಿಂದ 2025ರ ಜನವರಿಯವರೆಗೆ ಕನಿಷ್ಠ 400 ಕೋಟಿ ಡಾಲರ್ ಅಕ್ರಮ ಹಣವನ್ನು ಸಕ್ರಮಗೊಳಿಸಿತು ಎಂದು ಅಮೆರಿಕದ ಖಜಾನೆ ಇಲಾಖೆ ಹೇಳಿದೆ. ಒಂದು ಕಡೆ ಸಾವಿರಾರು ಕೋಟಿ, ಇನ್ನೊಂದು ಕಡೆ ಖಾತೆ ಕೊಟ್ಟ ಹುಡುಗನ ಕೆಲವು ಸಾವಿರ.

ಆಗ್ನೇಯ ಏಷ್ಯಾದ ಇಂಥ ವಂಚನೆ ಕೇಂದ್ರಗಳಲ್ಲಿ ಕೂತು ಫೋನು ಮಾಡುವವರಲ್ಲೂ ನಮ್ಮವರಿದ್ದಾರೆ. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯದಲ್ಲಿ ಸುಮಾರು 1,00,000 ಮಂದಿಯನ್ನು ಬಲವಂತವಾಗಿ ಈ ಕೆಲಸಕ್ಕೆ ಹಚ್ಚಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ತಿಳಿಸಿತ್ತು. 2025ರ ಮಾರ್ಚಿನಲ್ಲಿ ಭಾರತ ಸರಕಾರ ವಾಯುಪಡೆಯ ವಿಮಾನಗಳಲ್ಲಿ ಥಾಯ್ಲೆಂಡಿನ ಮೇ ಸೋಟ್‌ನಿಂದ 549 ಮಂದಿಯನ್ನು ವಾಪಸು ಕರೆತಂದಿತು. ಗಡಿಯ ನದಿಯಾಚೆ ಮ್ಯಾನ್ಮಾರಿನ ಮ್ಯಾವಡ್ಡಿಯ ಕೇಂದ್ರಗಳಲ್ಲಿ ಸಿಕ್ಕಿಕೊಂಡಿದ್ದವರು ಅವರು. ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ, ಕಸ್ಟಮರ್ ಸಪೋರ್ಟ್, ಡಿಜಿಟಲ್ ಮಾರ್ಕೆಟಿಂಗ್ ಎಂಬ ಜಾಹೀರಾತು ನೋಡಿ ಹೋದರೆ ವಿಮಾನ ಇಳಿದ ಮೇಲೆ ಕಾರಿನಲ್ಲಿ ಗಂಟೆಗಟ್ಟಲೆ ಪ್ರಯಾಣ, ಕತ್ತಲಲ್ಲಿ ನದಿ ದಾಟುವುದು, ಪಾಸ್‌ಪೋರ್ಟು ಅವರ ಕೈಗೆ.

ಹೊರಡುವ ಮೊದಲೇ ಗುರುತಿಸಬಹುದಾದ ಸೂಚನೆಗಳಿವೆ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ಪರವಾನಗಿ ಇರಲೇಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ನೋಂದಣಿ ಸಂಖ್ಯೆ ಹುಡುಕಿದರೆ ಸಿಗಬೇಕು. ಅವನು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕೆಲಸಕ್ಕೆ ಹೋಗುವವನನ್ನು ಪ್ರವಾಸಿ ವೀಸಾದಲ್ಲಿ, ಅಥವಾ ವೀಸಾ ಬೇಡದ ದೇಶಕ್ಕೆ ಪ್ರವಾಸಿಯಾಗಿ ಕಳಿಸುತ್ತೇನೆ ಎಂದವನ ಹತ್ತಿರ ಎರಡನೆಯ ಮಾತು ಬೇಡ. ಇಂಟರ್‌ವ್ಯೂ ಎಂದು ಟೈಪಿಂಗ್ ವೇಗ ಮತ್ತು ಹಿಂದಿ, ಮಲಯಾಳ, ಕನ್ನಡ ಮಾತಾಡಲು ಬರುತ್ತದೆಯೇ ಎಂದು ಮಾತ್ರ ಕೇಳಿದರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಕಾಸರಗೋಡಿನವರಿಗೆ ನಾಲ್ಕೈದು ಭಾಷೆ ಹುಟ್ಟಿನಿಂದಲೇ ಬರುತ್ತದೆ. ಆ ಕೇಂದ್ರಗಳಿಗೆ ಅದು ಬಹಳ ಬೆಲೆಯ ಸಾಮರ್ಥ್ಯ.

ಖಾತೆ, ಸಿಮ್, ಪಾಸ್‌ಪೋರ್ಟ್ ಹೊಸ ಕಾಲದವು. ಹೆಸರು ಮತ್ತು ಮೈ ಎರಡನ್ನೂ ಬಾಡಿಗೆಗೆ ಪಡೆಯುವ ಪದ್ಧತಿ ಈ ಕರಾವಳಿಗೆ ಹಳೆಯದು. ಬೇರೆಯವರ ಚಿನ್ನವನ್ನು ಸುಂಕ ತಪ್ಪಿಸಿ ತರುವ ಕ್ಯಾರಿಯರ್ ಅದರ ಉದಾಹರಣೆ. ಇದರ ಲೆಕ್ಕ ಸರಳ. ಕಿಲೋ ಚಿನ್ನಕ್ಕೆ ಹೊರಗೆ 60 ಲಕ್ಷ ರೂಪಾಯಿ, ಸುಂಕ ಶೇ. 15 ಎಂದಿಟ್ಟುಕೊಂಡರೆ ತಪ್ಪಿಸಿದ ಸುಂಕ 9 ಲಕ್ಷ. ಬಿಲ್ಲಿಲ್ಲದೆ ಮಾರಿದರೆ ಶೇ. 3ರ ಜಿಎಸ್‌ಟಿಯೂ ಉಳಿಯುತ್ತದೆ. 2022ರ ಜುಲೈಯಿಂದ ಸುಂಕ ಶೇ. 15 ಇತ್ತು. 2024ರ ಜುಲೈಯಲ್ಲಿ ಕೇಂದ್ರ ಸರಕಾರ ಅದನ್ನು ಶೇ. 6ಕ್ಕೆ ಇಳಿಸಿತು. ಅದೇ ಕಿಲೋಗೆ ಲಾಭ 3.6 ಲಕ್ಷಕ್ಕೆ ಕುಸಿಯಬೇಕು, ಕಳ್ಳಸಾಗಣೆ ಸೊರಗಬೇಕು ಎಂಬುದು ನಿರೀಕ್ಷೆ. ಆದರೆ 2025ರಲ್ಲಿ ದರ ಹತ್ತು ಗ್ರಾಮಿಗೆ ಒಂದು ಲಕ್ಷ ದಾಟಿತು. ಕಿಲೋ ಕೋಟಿಯಾದಾಗ ಶೇ. 6 ಎಂದರೂ 6 ಲಕ್ಷ. ಸುಂಕ ಇಳಿಸಿ ತೆಗೆದ ಲಾಭದಲ್ಲಿ ಒಂದು ಪಾಲನ್ನು ದರ ಏರಿ ಮರಳಿ ಕೊಟ್ಟಿತು. ಸುಂಕವನ್ನು ಮಾತ್ರ ನೋಡಿ ಕಳ್ಳಸಾಗಣೆ ಮುಗಿಯಿತು ಎನ್ನುವವರು ಈ ಗುಣಾಕಾರವನ್ನು ಬಿಟ್ಟಿರುತ್ತಾರೆ.

ಚಿನ್ನ ಲಾಭಕ್ಕಷ್ಟೇ ಬರುವುದಲ್ಲ, ಸಾಲ ತೀರಿಸಲೂ ಬರುತ್ತದೆ. ದುಬೈಯಲ್ಲಿ ಒಬ್ಬ ಹವಾಲಾದವನಿಗೆ ದಿರ್ಹಮ್ ಕೊಡುತ್ತಾನೆ, ಕುಂಬಳೆಯಲ್ಲಿ ಅವನ ಮನೆಗೆ ರೂಪಾಯಿ ತಲುಪುತ್ತದೆ. ಗುರುತಿಗೆ ಒಂದು ನೋಟಿನ ನಂಬರು. ಮಲಯಾಳದಲ್ಲಿ ಕುಳಲ್‌ಪಣಂ ಎನ್ನುವುದು ಇದನ್ನೇ. ಹಣ ಗಡಿ ದಾಟಿಲ್ಲ; ದುಬೈಯ ಹವಾಲಾದವನು ಇಲ್ಲಿಯ ಹವಾಲಾದವನಿಗೆ ಬಾಕಿಯಾದ, ಅಷ್ಟೆ. ಬಾಕಿ ತಿಂಗಳುಗಟ್ಟಲೆ ಬೆಳೆದಾಗ ಅದನ್ನು ಚಿನ್ನದಲ್ಲೋ, ತಪ್ಪು ಬೆಲೆ ಬರೆದ ಸರಕಿನಲ್ಲೋ, ಯುಎಸ್‌ಡಿಟಿಯಲ್ಲೋ ತೀರಿಸಬೇಕು. ಆ ನಗದಿನ ಮೂಲ ಯಾರಿಗೂ ತಿಳಿಯದು. ಊರಿಗೆ ಹಣ ಕಳಿಸಿದ ಪ್ರಾಮಾಣಿಕ ಕೆಲಸಗಾರನ ಮನೆಗೆ ಮುಟ್ಟುವುದು ಪುಣೆಯ ಅಧ್ಯಾಪಕಿಯ ರೂಪಾಯಿಯೇ ಆಗಿರಬಹುದು. ಹವಾಲಾದಲ್ಲಿ ದರ ಸ್ವಲ್ಪ ಹೆಚ್ಚು ಸಿಗುತ್ತದೆ ಎಂದು ಅದನ್ನು ಆರಿಸುವವರು ಇದನ್ನೂ ತಿಳಿದಿರಬೇಕು. ವಿದೇಶಿ ವಿನಿಮಯದ 1999ರ ಫೆಮಾ ಕಾಯ್ದೆಯಡಿ ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗುತ್ತದೆ.

ಕ್ಯಾರಿಯರನ ಪಾಡು ಕಸ್ಟಮ್ಸಿಗೆ ಸಿಕ್ಕಿದರೆ ಒಂದು ಬಗೆ: ಚಿನ್ನ ಜಪ್ತಿ, 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಏಳು ವರ್ಷದವರೆಗಿನ ಶಿಕ್ಷೆ, ಪದೇ ಪದೇ ಸಿಕ್ಕಿದರೆ ಕಳ್ಳಸಾಗಣೆ ತಡೆಯ ಕಾಫೆಪೋಸಾ ಕಾಯ್ದೆಯಲ್ಲಿ ಒಂದು ವರ್ಷದವರೆಗಿನ ಮುನ್ನೆಚ್ಚರಿಕೆಯ ಬಂಧನ. ಸಿಗದಿದ್ದರೆ ಅಪಾಯ ಮುಗಿಯಿತೆಂದೇನೂ ಇಲ್ಲ. ಕರಿಪುರ, ಕಣ್ಣೂರು ವಿಮಾನ ನಿಲ್ದಾಣಗಳ ದಾರಿಗಳಲ್ಲಿ ಕ್ಯಾರಿಯರನ್ನೇ ಅಪಹರಿಸಿ ಚಿನ್ನ ಕಸಿಯುವ ತಂಡಗಳಿವೆ, ಪೊಟ್ಟಿಕ್ಕಲ್ ತಂಡಗಳೆಂದು ಹೆಸರು. ಕಳಕೊಂಡವನು ಪೊಲೀಸರಿಗೆ ದೂರು ಕೊಡುವಂತಿಲ್ಲ, ಚಿನ್ನ ಕೊಟ್ಟು ಕಳಿಸಿದವನು ಅವನನ್ನು ನಂಬುವುದಿಲ್ಲ. 2021ರ ಜೂನಿನಲ್ಲಿ ಕೋಝಿಕ್ಕೋಡಿನ ರಾಮನಾಟುಕರದಲ್ಲಿ ಐವರು ಯುವಕರು ಸತ್ತ ಅಪಘಾತದ ತನಿಖೆ ಹೋಗಿ ನಿಂತದ್ದು ಇಂಥ ಚಿನ್ನದ ಬೆನ್ನಟ್ಟುವಿಕೆಯ ಬಳಿ.

ಇನ್ನು ಅಡಿಕೆ. ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಮುಳ್ಳೇರಿಯದ ತೋಟದವರು ಸಂಘಟಿತ ಅಪರಾಧ ಎಂದರೆ ತಮಗೆ ದೂರದ್ದು ಎಂದುಕೊಂಡಿದ್ದರೆ ಅದು ಹಾಗಲ್ಲ. ಅಡಿಕೆಯ ಆಮದು ಸುಂಕ ಶೇ. 100. ಅದರ ಮೇಲೆ 2023ರ ಫೆಬ್ರವರಿಯಿಂದ ಕನಿಷ್ಠ ಆಮದು ಬೆಲೆ ಕಿಲೋಗೆ 351 ರೂಪಾಯಿ. ಮೊದಲು 251 ಇತ್ತು. ಇಂಡೋನೇಷ್ಯದ ಅಡಿಕೆ ಇದಕ್ಕಿಂತ ಬಹಳ ಅಗ್ಗ. ಆದ್ದರಿಂದ ಅದಕ್ಕೆ ಮೂರು ದಾರಿ ಹುಡುಕಲಾಗಿದೆ. ಮ್ಯಾನ್ಮಾರಿನ ಗಡಿಯಿಂದ ಮಿಜೋರಾಂ, ಮಣಿಪುರ, ಅಸ್ಸಾಂ ಮೂಲಕ ಲಾರಿಯಲ್ಲಿ ಬರುವುದು ಒಂದು. ಕಂಟೈನರಿನಲ್ಲಿ ಬೇರೆ ಸರಕಿನ ಹೆಸರು ಬರೆಯುವುದು ಇನ್ನೊಂದು. ಹುರಿದ ಅಡಿಕೆ ಎಂದು ಬರೆದು ಬೇರೆ ಸುಂಕದ ಸಾಲಿಗೆ ಸೇರಿಸುವುದೂ ಇದರ ಜಾತಿಯದ್ದೇ, 2025ರ ಏಪ್ರಿಲಿನಲ್ಲಿ ಅದಕ್ಕೂ 351ರ ಮಿತಿ ಹಾಕಿದರು. ಮೂರನೆಯದು ಸಾಫ್ಟಾ ಎಂಬ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದ ದುರುಪಯೋಗ: ಇಂಡೋನೇಷ್ಯದ ಅಡಿಕೆಗೆ ಶ್ರೀಲಂಕಾದ್ದು, ಬಾಂಗ್ಲಾದ್ದು ಎಂಬ ಸುಳ್ಳು ಮೂಲಪತ್ರ ಅಂಟಿಸಿ ಸುಂಕದ ರಿಯಾಯಿತಿ ಪಡೆಯುವುದು. ನಾಗಪುರದ ವ್ಯಾಪಾರಿಗಳ ಮೇಲೆ ಸಿಬಿಐ ಮತ್ತು ಇ.ಡಿ. ನಡೆಸಿದ ತನಿಖೆಗಳು ಇಂಥ ಸರಕಿನವೇ.

ಈ ಮೂರನೆಯ ದಾರಿಯಲ್ಲಿ ಒಂದು ಸೂಕ್ಷ್ಮವಿದೆ. ಕನಿಷ್ಠ ಬೆಲೆಯ ನಿಯಮ ಇರುವುದರಿಂದ ಅಗ್ಗದ ಅಡಿಕೆಗೂ ಬಿಲ್ಲಿನಲ್ಲಿ ಕನಿಷ್ಠ 351 ಬರೆಯಲೇಬೇಕು. ಸುಳ್ಳು ಮೂಲಪತ್ರದಿಂದ ಸುಂಕ ತಪ್ಪಿದರೆ ಹೆಚ್ಚು ಬರೆದುದಕ್ಕೆ ಖರ್ಚಿಲ್ಲ. ಹಾಗೆ ಹೆಚ್ಚು ಬರೆದ ಮೊತ್ತ ಬ್ಯಾಂಕಿನ ಮೂಲಕವೇ, ಪೂರ್ತಿ ಕಾಗದಪತ್ರದೊಂದಿಗೆ ಡಾಲರಾಗಿ ಹೊರಗೆ ಹೋಗುತ್ತದೆ. ಹಣ ಹೊರಗೆ ದಾಟಿಸಲು ಇದಕ್ಕಿಂತ ಶುಭ್ರವಾದ ದಾರಿ ಯಾವುದು? ಬೆಲೆ ಕಾಪಾಡಲೆಂದು ಮಾಡಿದ ನಿಯಮ, ಮೂಲಪತ್ರದ ಪರಿಶೀಲನೆ ಸಡಿಲವಾದರೆ, ಹಣ ಸಾಗಿಸುವ ಕೊಳವೆಯಾಗುತ್ತದೆ. ಆದ್ದರಿಂದ ಕನಿಷ್ಠ ಬೆಲೆ ಇನ್ನೂ ಏರಿಸಿ ಎನ್ನುವ ಬೇಡಿಕೆಯ ಜತೆಗೆ, ಬಂದರಿನಲ್ಲಿ ಮೂಲಪತ್ರದ ತನಿಖೆ ಬಿಗಿಯಾಗಲಿ ಎಂಬ ಬೇಡಿಕೆಯೂ ಬೆಳೆಗಾರರಿಂದ ಅಷ್ಟೇ ಗಟ್ಟಿಯಾಗಿ ಬರಬೇಕು. ಕೊಳೆರೋಗ, ಹಳದಿ ಎಲೆ ರೋಗಗಳಿಂದ ಉಳಿಸಿಕೊಂಡ ಚಾಲಿ ಅಡಿಕೆಗೆ ಬೆಲೆ ಬೀಳುವಾಗ ನಷ್ಟ ಆಗುವುದು ಕಂಟೈನರಿನವನಿಗಲ್ಲ.

ಮತ್ತೆ ಖಾತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮನೆಯವರು ತಡೆಯಬಹುದಾದ ಕೊಂಡಿ ಅದು. 2025ರ ಅಕ್ಟೋಬರಿನಲ್ಲಿ ಕೇರಳ ಪೊಲೀಸರು ಸೈ-ಹಂಟ್ ಹೆಸರಿನಲ್ಲಿ ರಾಜ್ಯದಾದ್ಯಂತ ಹುಡುಕಿದ್ದು ಇಂಥ ಖಾತೆದಾರರನ್ನೇ. ನನಗೆ ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ಸುಲಭವಾಗಿ ನಿಲ್ಲುವುದಿಲ್ಲ. ಪಿನ್ ಕೊಟ್ಟದ್ದು, ಕಮಿಷನ್ ಪಡೆದದ್ದು, ಚೆಕ್ಕಿಗೆ ಸಹಿ ಹಾಕಿದ್ದು ಎಲ್ಲವೂ ಗೊತ್ತಿತ್ತು ಎಂಬುದರ ಕಡೆಗೆ ತೋರಿಸುತ್ತವೆ. ಸಾಮಾನ್ಯವಾಗಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ ಮತ್ತು ಐಟಿ ಕಾಯ್ದೆಯ 66ಡಿ. 2024ರ ಜುಲೈ 1ರಿಂದ ಸಂಹಿತೆಯ 111ನೇ ಕಲಂ ಕೂಡ ಇದೆ: ಸಂಘಟಿತ ಅಪರಾಧಕ್ಕೆ ತಿಳಿದೂ ನೆರವಾದವನಿಗೆ ಕನಿಷ್ಠ ಐದು ವರ್ಷ, ಗರಿಷ್ಠ ಜೀವಾವಧಿ, ದಂಡ ಐದು ಲಕ್ಷಕ್ಕೆ ಕಡಿಮೆಯಿಲ್ಲ.

ಇದರ ಮೇಲೆ ಕಾಸರಗೋಡಿನವರಿಗೆ ಇನ್ನೊಂದು ಪೆಟ್ಟು. ಒಂದೇ ಖಾತೆಯ ಮೂಲಕ ತೆಲಂಗಾಣದವರ, ಗುಜರಾತಿನವರ, ಪಂಜಾಬಿನವರ ಹಣ ಹೋಗಿದ್ದರೆ ಮೂರೂ ರಾಜ್ಯಗಳಲ್ಲಿ ಕೇಸು, ಮೂರು ಕಡೆ ಜಾಮೀನು, ಮೂರು ಕಡೆ ಓಡಾಟ. ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿಯಿದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಪಾಸ್‌ಪೋರ್ಟ್ ನಿರಾಕರಿಸಬಹುದು. ಗಲ್ಫೇ ಅನ್ನದ ದಾರಿಯಾಗಿರುವ ಮನೆಯಲ್ಲಿ ಕೆಲವು ಸಾವಿರಕ್ಕೆ ಮಾರಿಹೋದದ್ದು ಆ ದಾರಿ.

ತಪ್ಪು ಮಾಡದವರ ಖಾತೆಯೂ ಕಟ್ಟಿಹೋಗುತ್ತದೆ. ಅಂಗಡಿಗೆ ಯುಪಿಐಯಲ್ಲಿ ಬಂದ ಕೆಲವು ನೂರು ರೂಪಾಯಿ ಯಾವುದೋ ವಂಚನೆಯ ಐದನೆಯ ಲೇಯರ್ ಆಗಿದ್ದರೆ ಸಾಕು. ದೂರಿನಲ್ಲಿ ಹೇಳಿದ ಮೊತ್ತವನ್ನು ಮಾತ್ರ ತಡೆಹಿಡಿಯಬೇಕು, ಇಡೀ ಖಾತೆಯನ್ನಲ್ಲ ಎಂದು ಕೇರಳ ಹೈಕೋರ್ಟ್ 2023ರಲ್ಲಿ ನಿರ್ದೇಶಿಸಿದೆ. ಹೀಗಾದರೆ ಬ್ಯಾಂಕಿನಿಂದ ಬರಹದಲ್ಲಿ ನಾಲ್ಕು ವಿವರ ಪಡೆಯಿರಿ: ದೂರಿನ ಅಕ್ನಾಲೆಜ್‌ಮೆಂಟ್ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ಮೊತ್ತ, ದಿನಾಂಕ. ಬಿಲ್ಲು, ಸ್ಟೇಟ್‌ಮೆಂಟ್, ಗಿರಾಕಿಯ ಜತೆಗಿನ ವಾಟ್ಸಾಪ್ ಸಂದೇಶಗಳೊಂದಿಗೆ ಆ ಠಾಣೆಯ ತನಿಖಾಧಿಕಾರಿಗೆ ಬರೆಯಿರಿ, ಉಳಿದ ಹಣ ಬಿಡುಗಡೆ ಮಾಡುವಂತೆ ಬ್ಯಾಂಕಿಗೂ ಪ್ರತಿ ಕೊಡಿ. ಅದರಿಂದ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಖಾತೆ ಬಿಡಿಸಿ ಕೊಡುತ್ತೇನೆ, ಇಷ್ಟು ಸಾವಿರ ಕೊಡಿ ಎಂದು ಫೋನಿನಲ್ಲಿ ಬರುವವನು ಮತ್ತೊಬ್ಬ ವಂಚಕ.

ಹಣ ಕಳೆದುಕೊಂಡವರಿಗೆ ಗಡಿಯಾರವೇ ಎಲ್ಲ. ಬ್ಯಾಂಕಿಗೆ ಓಡುವ ಮೊದಲು 1930ಕ್ಕೆ ಫೋನು ಮಾಡಬೇಕು. ಕೈಯಲ್ಲಿರಬೇಕಾದದ್ದು ಖಾತೆ ಸಂಖ್ಯೆ, ಕಳಿಸಿದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ. ಯುಪಿಐ ಆದರೆ ಆ ಸಂಖ್ಯೆ 12 ಅಂಕಿಯದ್ದು, ಆರ್‌ಟಿಜಿಎಸ್ ಆದರೆ 22 ಅಕ್ಷರದ್ದು. ಒಂದು ಅಕ್ಷರ ತಪ್ಪಿದರೆ ಮುಂದಿನ ಲೇಯರನ್ನು ಹಿಡಿಯಲಾಗದೆ ಹಣ ಜಾರುತ್ತದೆ. ಹೆಚ್ಚಿನವರು ನಾಚಿಕೆಯಿಂದ ಒಂದು ರಾತ್ರಿ ತಡಮಾಡುತ್ತಾರೆ. ಅಷ್ಟರಲ್ಲಿ ಅದು ಯುಎಸ್‌ಡಿಟಿಯಾಗಿರುತ್ತದೆ.

ಖಾತೆಯನ್ನು ಈಗಾಗಲೇ ಕೊಟ್ಟುಬಿಟ್ಟವರು ಇಂದೇ ಮಾಡಬೇಕಾದ ಕೆಲಸಗಳಿವೆ. ಕಾರ್ಡು ಬ್ಲಾಕ್ ಮಾಡಿಸಿ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ಉಳಿದ ಚೆಕ್ಕುಗಳಿಗೆ ಸ್ಟಾಪ್ ಪೇಮೆಂಟ್ ಕೊಡಿ. ಸಿಮ್ ಕೊಟ್ಟಿದ್ದರೆ ಕಂಪೆನಿಯ ಅಂಗಡಿಯಲ್ಲಿ ಅದನ್ನು ರದ್ದು ಮಾಡಿಸಿ, ನಿಮ್ಮ ಹೆಸರಿನಲ್ಲಿ ಬೇರೆ ಸಿಮ್‌ಗಳಿವೆಯೇ ಎಂದು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ. ಖಾತೆಯಲ್ಲಿರುವ ಹಣದಲ್ಲಿ ಒಂದು ರೂಪಾಯಿಯನ್ನೂ ತೆಗೆಯಬೇಡಿ, ಯಾರಿಗೂ ಹಿಂದಿರುಗಿಸಲೂ ಬೇಡಿ. ಖಾತೆ ಪಡೆದವನ ಜತೆಗಿನ ಸಂದೇಶಗಳನ್ನು ಅಳಿಸಬೇಡಿ. ಮೇಲಿನ ಕೊಂಡಿಗೆ ಹೋಗಲು ಪೊಲೀಸರಿಗೆ ಇರುವ ದಾರಿ ಅದು, ನಿಮ್ಮ ಪರವಾಗಿ ಸಾಕ್ಷಿ ಹೇಳುವುದೂ ಅದೇ. ಶಾಖಾ ಮ್ಯಾನೇಜರರಿಗೆ ನಡೆದದ್ದನ್ನು ಬರೆದು ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಠಾಣೆಗೆ ಹೋಗುವ ಮೊದಲು ವಕೀಲರ ಸಲಹೆ ಪಡೆಯಿರಿ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಫೋನು ಮಾಡಿ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಕೇಳಬಹುದು. ಮಲಯಾಳ ಓದಲು ಬಾರದವರು ಓದದ ಕಾಗದಕ್ಕೆ ಸಹಿ ಹಾಕಬೇಕಾಗಿಲ್ಲ. ರಾಜ್ಯದ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಸರಕಾರಿ ಕಚೇರಿಗಳ ಜತೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆದು ಕೊಡಿ, ಸ್ವೀಕೃತಿ ರಶೀದಿ ಕೇಳಿ ಪಡೆಯಿರಿ.